ಹೊದಿಕೆಯ ನಡುವಿನ ಬನ್ನಿ

ತಂಗಿ ನನಗೆ ಒಪ್ಪಿಸಿದ್ದು ಒಂದೇ ಕೆಲಸ: ಹುಲ್ಲಿನ ನಡುವೆ ಯಾವ ಗಿಡ ಹುಟ್ಟಿದರೂ ಬೇರುಸಹಿತ ಕೀಳುವುದು. ಅದನ್ನು ನಾನು ಮಾಡಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅವಳು ಮಣ್ಣಿನ ವಿದ್ಯೆ ಕಲಿತವಳು. ವಿಕಿರಣದ ಕಸ ಹೂಳಿದ ಗುಂಡಿಗೆ ಎಂಥ ಮಣ್ಣು, ಎಂಥ ಹುಲ್ಲು ಹೊದಿಸಿದರೆ ನೂರಾರು ವರ್ಷ ಮಳೆನೀರು ಒಳಗಿಳಿಯುವುದಿಲ್ಲ ಎಂದು ಕಂಡುಕೊಳ್ಳುವುದು ಅವಳ ಉದ್ಯೋಗ. ಪರೀಕ್ಷೆಗೆಂದು ಲಕ್ಕಲಕಟ್ಟಿಯ ನಮ್ಮ ಹೊಲದ ಒಂದು ಮೂಲೆ ಕೇಳಿದಳು. ತಳಕ್ಕೆ ಜಲ್ಲಿಕಲ್ಲಿನ ಕಡಿ, ಅದರ ಮೇಲೆ ಬಡಿದು ಗಟ್ಟಿ ಮಾಡಿದ ಜೇಡಿಮಣ್ಣು, ಆಮೇಲೆ ನಮ್ಮದೇ ಎರೆಮಣ್ಣು, ಎಲ್ಲದರ ಮೇಲೆ ಗಜೇಂದ್ರಗಡದ ಗುಡ್ಡದಿಂದ ತಂದ ಹುಲ್ಲು. ಬಿದ್ದ ಮಳೆಯನ್ನು ಹುಲ್ಲೇ ಕುಡಿದು ಮುಗಿಸಬೇಕು. ತಳದಿಂದ ಒಂದು ಪೈಪು, ಬದುವಿನಾಚೆಯ ಗುಂಡಿಯಲ್ಲಿಟ್ಟ ಬಕೆಟ್ಟಿಗೆ. ಬಕೆಟ್ಟು ಒಣಗಿದ್ದರೆ ಹೊದಿಕೆ ಗೆದ್ದಂತೆ. ಗಿಡದ ಬೇರು ಜೇಡಿಯನ್ನು ತೂರಿದರೆ ನೀರಿಗೆ ದಾರಿ.

ಅಲ್ಲಿ ಕಸವೇನೂ ಹೂಳಿರಲಿಲ್ಲ. ಆದರೂ ಪಕ್ಕದ ಹೊಲದ ಕಾಕಾ ಬಿಡಲಿಲ್ಲ.

"ಏನಪಾ, ಅಣುಬಾಂಬ್ ಬಿತ್ತೀಯಂತಲ್ಲ? ಎಕರೇಕ ಎಷ್ಟ್ ಚೀಲ ಬೀಳತೈತಿ?"

"ಬರೇ ಹುಲ್ಲೈತಿ ಕಾಕಾ. ನಮ್ಮ ತಂಗೀದು."

"ಹಂಗಾರ ನಮ್ಮ ಎಮ್ಮಿ ಬಿಡ್ಲೇನು?"

ಜಾಲಿ ಕಿತ್ತೆ, ಬೇವು ಕಿತ್ತೆ. ಎರಡನೆಯ ಮಳೆಗಾಲಕ್ಕೆ ನಡುವೆ ಒಂದು ಬನ್ನಿ ಎದ್ದಿತು. ದಸರೆಗೆ ಅದರ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿಟ್ಟು ಕಾಲು ಮುಟ್ಟುವವರು ನಾವು. ಎಲೆ ಹರಿಯುತ್ತೇವೆ, ಬೇರಿಗೆ ಕೈ ಹಾಕುವುದಿಲ್ಲ. ತಂಗಿಗೆ ಹೇಳಿದ್ದರೆ ಯಾರನ್ನಾದರೂ ಕಳಿಸಿ ಕೀಳಿಸುತ್ತಿದ್ದಳು. ಹೇಳಲಿಲ್ಲ. ಅವಳು ಫೋಟೋ ಕೇಳಿದಾಗಲೆಲ್ಲ ಗಿಡಕ್ಕೆ ಬೆನ್ನು ಮಾಡಿ ನಿಂತು, ಹುಲ್ಲನ್ನಷ್ಟೇ ತೆಗೆದು ಕಳಿಸಿದೆ. ಗಿಡ ಮೊದಲು ಮೊಣಕಾಲುದ್ದ ಇತ್ತು, ಆಮೇಲೆ ನನ್ನನ್ನೂ ಮೀರಿತು.

ಈ ಸಲ ಮಳೆ ಜೋರಾಯಿತು. ಹೊಳೆಆಲೂರಿನ ಕಡೆ ಹೊಳೆ ದಂಡೆ ಮೀರಿದ ವಾರ ಬಕೆಟ್ಟಿಗೂ ನೀರು ಬಂತು. ನೀರು ಬಂದದ್ದನ್ನಷ್ಟೇ ಅವಳಿಗೆ ತಿಳಿಸಿದೆ. ಹೆಸರುಕಾಳು ಮಾರಲು ನರಗುಂದಕ್ಕೆ ಹೋಗಿದ್ದಾಗ ಅವಳ ಫೋನು ಬಂತು.

"ಯಣ್ಣಾ, ನನ್ನ ಲೆಕ್ಕಾನ ತಪ್ಪೈತಿ. ಎರಿಮಣ್ಣ ಬಿರಕ ಬಿಟ್ಟಿರಬೇಕು. ಈ ಹೊದಿಕಿ ಬ್ಯಾಡಂತ ನಾಳೆ ಮೀಟಿಂಗದಾಗ ನಾನ ಹೇಳಿಬಿಡ್ತೀನಿ."

"ಇಷ್ಟ್ ವರ್ಷ ಮಾಡಿದ್ದು?"

"ಎಲ್ಲಾ ಬಿಡೂದು. ನೀರ ಇಳದ ಮ್ಯಾಲೆ ಏನೈತಿ? ನೀ ಏನ್ ಮಾಡ್ತಿ, ಚಲೋನ ಕಾಯ್ದಿ."

ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವಳು ಹೊಲಕ್ಕೆ ಬರುವ ಮಾತೂ ಇರಲಿಲ್ಲ. ಚೀಲಗಳ ಸಂದಿಯಲ್ಲಿ ನಿಂತು, ದಲಾಲರ ಗದ್ದಲದಲ್ಲಿ ಅವಳಿಗೆ ಕೇಳಿಸಲೆಂದು ಗಟ್ಟಿಯಾಗಿ ಹೇಳಿದೆ.

"ನಿನ್ನ ಲೆಕ್ಕ ತಪ್ಪಿಲ್ಲ ತಂಗೀ. ನಡುವ ಬನ್ನಿ ಎದ್ದೈತಿ, ನನಗಿಂತ ಎತ್ತರ ಆಗೇತಿ. ಕೀಳಾಕ ಕೈ ಬರ್ಲಿಲ್ಲ. ನಿನಗ ಕಾಣದಂಗ ಫೋಟೋ ಕಳಿಸಿದ್ನಿ."

ಪಕ್ಕದಲ್ಲಿ ಕಾಳು ತೂಗುತ್ತಿದ್ದ ಹಮಾಲ ತಲೆ ಎತ್ತಿ ನನ್ನನ್ನು ನೋಡಿದ.

"ತಪ್ಪ ನಂದೈತಿ ತಂಗೀ. ನಿನ್ನ ಮುಂದ ಸುಳ್ಳಾಡಿದ್ನಿ. ನನ್ನ ಕ್ಷಮಾ ಮಾಡು."