ಇಳಿಜಾರಿನಲ್ಲಿ ಮಾತ್ರ ಹತ್ತುವ ದೀಪ

ಹಾನುಬಾಳಿಗೆ ಬಂದು ಏಕಾಂತಯ್ಯನವರ ಮನೆ ಯಾವುದೆಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಡ್ರೈವರ್ ಏಕಾಂತಯ್ಯ ಎಂದರೆ ಬಾಗಿಲ ತನಕ ಕರೆದುಕೊಂಡು ಬಂದು ಬಿಡುತ್ತಾರೆ. ಇಪ್ಪತ್ತಾರು ವರ್ಷ ಶಿರಾಡಿ ಘಾಟಿಯಲ್ಲಿ ಸರ್ಕಾರಿ ಬಸ್ಸು ಓಡಿಸಿದವರು. ಒಂದು ಕೋಳಿಮರಿಯ ಪ್ರಾಣವನ್ನೂ ತೆಗೆದವರಲ್ಲ. ಅದಕ್ಕೆಂದು ಕೊಟ್ಟ ಬೆಳ್ಳಿ ಪದಕ ದೇವರ ಗೂಡಿನಲ್ಲಿದೆ, ದೇವರ ಜೊತೆಗೆ ಅದಕ್ಕೂ ಬೆಳಿಗ್ಗೆ ವಿಭೂತಿ ಆಗುತ್ತದೆ.

ನಿವೃತ್ತರಾದ ಮೇಲೆ ಹಳೆಯದೊಂದು ಬಿಳಿ ಕಾರು ಕೊಂಡರು. ಅದರಲ್ಲಿ ಹೋಗಬೇಕಾದ ಊರುಗಳು ಅಂಥವೇನೂ ಇರಲಿಲ್ಲ. ಕೈಗೆ ಸ್ಟೇರಿಂಗ್ ಬೇಕಿತ್ತು, ಅಷ್ಟೆ. ‘ಇವರ ಕೈಯಿಂದ ಗಾಡಿ ಕಿತ್ಕಂಡ್ರೆ ಮೂರು ತಿಂಗ್ಳೂ ಬದುಕಲ್ಲ’ ಎಂದು ಅವರ ಹೆಂಡತಿ ಪಾರ್ವತಮ್ಮ ಒಮ್ಮೆ ನನ್ನ ಮುಂದೆ ಹೇಳಿದ್ದರು. ತಮಾಷೆಗೆ ಹೇಳಿದ್ದಲ್ಲ.

ನಾನು ಅವರ ಪಕ್ಕದ ಮನೆಯವನು, ರಾಜಶೇಖರ್. ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಡ್ರೈವಿಂಗ್ ಲೈಸೆನ್ಸ್ ಇದೆ, ಕಾರಿಲ್ಲ. ಪ್ರತಿ ಗುರುವಾರ ಗಂಡ ಹೆಂಡತಿ ಸಕಲೇಶಪುರದ ಸಂತೆಗೆ ಹೊರಟಾಗ ಪೇಪರ್ ಬಂಡಲ್ ತರುವ ನೆಪದಲ್ಲಿ ಹಿಂದಿನ ಸೀಟಿನಲ್ಲಿ ಕೂತುಬಿಡುತ್ತಿದ್ದೆ. ಬಿಟ್ಟಿ ಸವಾರಿ ಮಾಡುವವನಿಗೆ ಅಭಿಪ್ರಾಯ ಇರಬಾರದು ಎಂಬುದು ನನ್ನ ನಿಯಮ. ಹಸು ಐತೆ, ಬಸ್ ಬಂತು ಎಂದು ಪಾರ್ವತಮ್ಮ ದಾರಿಯುದ್ದಕ್ಕೂ ಕೂಗುತ್ತಿದ್ದರು, ಏಕಾಂತಯ್ಯ ರೇಗುತ್ತಿದ್ದರು. ಹಾಗಾಗಿ ಮುಂದಿನ ಸೀಟಿನ ಈ ಜಗಳಗಳಲ್ಲಿ ನಾನು ಬಾಯಿ ಹಾಕುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಗುರುವಾರ ಹೊಸ ಜಗಳ ಶುರುವಾಯಿತು. ಊರು ದಾಟಿ ಮೂರನೇ ಮೈಲಿಯಲ್ಲಿ ಉದ್ದದ ಇಳಿಜಾರು ಇದೆ, ಎರಡೂ ಕಡೆ ಕಾಫಿ ತೋಟ. ಅಲ್ಲಿ ಇಳಿಯುತ್ತಿರುವಾಗ ಪಾರ್ವತಮ್ಮ, ‘ರೀ, ಅಲ್ಲೊಂದು ಕೆಂಪು ಲೈಟ್ ಹತ್ತಿತು ನೋಡ್ರೀ’ ಎಂದರು.

‘ಎಲ್ಲಿ?’

‘ನಿಮ್ಮ ಮುಂದೇನೇ. ದುಂಡಗೈತೆ, ನಡುವೆ ಒಂದು ಗೀಟು, ಕೆಳಗೊಂದು ಚುಕ್ಕಿ.’

ಏಕಾಂತಯ್ಯ ಒಮ್ಮೆ ಕೆಳಗೆ ಕಣ್ಣು ಹಾಯಿಸಿದರು. ‘ಏನೂ ಇಲ್ಲ. ನಿನ್ನ ಕುಂಕುಮ ಗ್ಲಾಸಲ್ಲಿ ಕಾಣ್ತಿರ್ಬೇಕು’ ಎಂದರು. ರಸ್ತೆ ಮಟ್ಟಸವಾಗುವ ಹೊತ್ತಿಗೆ ಪಾರ್ವತಮ್ಮನೂ, ‘ಈಗ ಹೋಯ್ತು’ ಎಂದು ಸುಮ್ಮನಾದರು. ನಾನು ಮೊಬೈಲ್ ನೋಡುತ್ತಿದ್ದೆ. ತಲೆ ಎತ್ತಿದ್ದರೆ ನನಗೂ ಕಾಣುತ್ತಿತ್ತೇನೋ. ಆದರೆ ಇಪ್ಪತ್ತಾರು ವರ್ಷ ಘಾಟಿ ಇಳಿಸಿದವರ ಮಾತಿನ ಮುಂದೆ ಒಂದು ದಿನವೂ ಸ್ಟೇರಿಂಗ್ ಮುಟ್ಟದ ಹೆಂಗಸಿನ ಮಾತನ್ನು ಯಾರು ತೂಕಕ್ಕೆ ಹಾಕುತ್ತಾರೆ? ನಾನೂ ಹಾಕಲಿಲ್ಲ.

ಮುಂದಿನ ವಾರವೂ ಅದೇ ಇಳಿಜಾರು, ಅದೇ ಮಾತು. ಅದರ ಮುಂದಿನ ವಾರವೂ ಅದೇ. ‘ಲೈಟ್ ನೋಡ್ಕಂಡು ಗಾಡಿ ಓಡ್ಸೋನು ಡ್ರೈವರ್ ಅಲ್ಲ ಕಣೇ’ ಎಂದು ಏಕಾಂತಯ್ಯ ರೇಗಿದರು. ರೇಗಿದರೂ ಅವತ್ತು ಸಕಲೇಶಪುರದಲ್ಲಿ ಶಿವುವಿನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರು. ‘ನಮ್ಮನೆಯವ್ರಿಗೆ ಯಾವುದೋ ಲೈಟ್ ಕಾಣ್ತದಂತಪ್ಪ, ನೋಡ್ಬುಡು’ ಎಂದು ನಕ್ಕರು. ಶಿವು ಎಂಜಿನ್ ಶುರು ಮಾಡಿದ, ಎರಡು ಸಲ ರೇಸ್ ಕೊಟ್ಟ. ಗ್ಯಾರೇಜಿನ ನೆಲ ಕೇರಂ ಬೋರ್ಡಿನ ಹಾಗೆ ಸಮ. ಯಾವ ದೀಪವೂ ಹತ್ತಲಿಲ್ಲ. ‘ಏನೂ ಇಲ್ಲ ಸಾರ್’ ಎಂದು ಅವನೂ ನಕ್ಕ. ದೀಪ ಯಾವ ಆಕಾರದ್ದು, ಎಲ್ಲಿ ಹತ್ತುತ್ತದೆ ಎಂದು ಕಂಡವರನ್ನು ಯಾರೂ ಕೇಳಲಿಲ್ಲ. ಪಾರ್ವತಮ್ಮ ಸಂತೆಯ ಚೀಲ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲೇ ಕೂತಿದ್ದರು. ಅವರ ಮುಖ ಸಣ್ಣದಾಗಿತ್ತು.

ಆದರೆ ಆಕೆ ಬಿಡುವ ಪೈಕಿಯಲ್ಲ. ಮುಂದಿನ ಗುರುವಾರ ಸಂತೆ ಮುಗಿದ ಮೇಲೆ ತಾವೇ ಗ್ಯಾರೇಜಿನೊಳಗೆ ಹೋದರು.

‘ಶಿವು, ಎಣ್ಣೆ ಡಬ್ಬ ತಳ ಕಾಣೋವಾಗ ನಾವು ಏನ್ಮಾಡ್ತೀವಿ? ಓರೆ ಮಾಡ್ತೀವಿ. ಓರೆ ಮಾಡಿದ್ರೆ ಇರೋ ಎಣ್ಣೆ ಒಂದು ಕಡೆ ಹೋಗಿ ಇನ್ನೊಂದು ಕಡೆ ಖಾಲಿ ಆಯ್ತದೆ. ಈ ಗಾಡೀಲೂ ಅಂಥದ್ದೇನೋ ಐತೆ. ಇಳಿಜಾರಲ್ಲಿ ಮಾತ್ರ ಹತ್ತುತ್ತೆ ಕಣಪ್ಪ. ನೀನು ಒಂದ್ಸಲ ಬಂದು ಕೂತ್ಕ.’

ಶಿವುವಿನ ನಗು ನಿಂತಿತು. ಕೈ ಒರೆಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತ. ಪಾರ್ವತಮ್ಮ ಹಿಂದೆ ನನ್ನ ಪಕ್ಕ ಕೂತರು. ಅಷ್ಟು ದೂರದ ನಮ್ಮ ಇಳಿಜಾರಿಗೆ ಹೋಗುವ ಅಗತ್ಯವೇ ಬರಲಿಲ್ಲ. ಸಕಲೇಶಪುರದಲ್ಲಿ ಇಳಿಜಾರಿಗೇನು ಬರ? ಗ್ಯಾರೇಜಿನ ಹಿಂದಿನ ದಿಬ್ಬ ಹತ್ತಿ ಕಾರು ಈಚೆ ಇಳಿಯತೊಡಗಿದ್ದೇ ತಡ ಶಿವು, ‘ಬಂತು ಸಾರ್!’ ಎಂದ. ಈ ಸಲ ನಾನೂ ಕತ್ತು ಉದ್ದ ಮಾಡಿದ್ದೆ. ಕೆಂಪಗೆ, ದುಂಡಗೆ, ಪಾರ್ವತಮ್ಮ ಹೇಳಿದ ಹಾಗೇ ಇತ್ತು.

‘ಎಲ್ಲಿ?’ ಎಂದರು ಏಕಾಂತಯ್ಯ.

ಶಿವು ಅವರ ಮುಖ ನೋಡಿದ. ‘ಅಲ್ಲೇ ಸಾರ್, ನಿಮ್ಮ ಮುಂದೆ.’

‘ಹಾಂ, ಹಾಂ, ಬಂತು ಬಂತು’ ಎಂದು ಏಕಾಂತಯ್ಯ ಕೆಮ್ಮಿದರು.

ಬ್ರೇಕ್ ಆಯಿಲ್ ತಳ ಸೇರಿತ್ತು. ಪ್ಯಾಡುಗಳು ಸವೆದು ಕಾಗದದಷ್ಟಾಗಿದ್ದವು. ‘ಅಮ್ಮ ಹೇಳಿದ್ದಕ್ಕೆ ಉಳ್ಕಂಡ್ರಿ’ ಎಂದ ಶಿವು. ಎರಡು ತಾಸಿನಲ್ಲಿ ಎಲ್ಲ ಹೊಸದು ಹಾಕಿಕೊಟ್ಟ. ಮನೆಗೆ ವಾಪಸಾಗುವಾಗ ಪಾರ್ವತಮ್ಮನ ಬಾಯಿಂದ ಗೆದ್ದವರ ಮಾತು ಬರುತ್ತದೆ ಎಂದು ಕಾಯುತ್ತಿದ್ದೆ. ಆಕೆ ದಾರಿಯುದ್ದಕ್ಕೂ ಗಂಡನ ಕಣ್ಣುಗಳನ್ನೇ ನೋಡುತ್ತಿದ್ದರು.

ಎರಡು ದಿನ ಬಿಟ್ಟು ನನ್ನ ಅಂಗಡಿಗೆ ಬಂದರು. ಜೆರಾಕ್ಸ್ ಮಾಡಿಸಲು ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ.

‘ರಾಜಶೇಖರ, ಇವ್ರು ತಟ್ಟೆ ಅಂಚಲ್ಲಿ ಬಡಿಸಿದ ಪಲ್ಯ ಹಂಗೇ ಬಿಟ್ಟು ಏಳ್ತಾರೆ. ರುಚಿ ಹಿಡೀಲಿಲ್ಲ ಅಂದ್ಕಂಡಿದ್ದೆ. ನಿನ್ನೆ ಅದನ್ನೇ ನಡುವಿಗೆ ಬಡಿಸ್ದೆ. ಎಲ್ಲಾ ಉಂಡ್ರು.’

ನನಗೂ ಕೆಲವು ನೆನಪಾದವು. ಬಸ್ಸಿನ ಬೋರ್ಡು ಓದಲು ನನ್ನನ್ನು ಕೇಳುತ್ತಿದ್ದರು, ಕನ್ನಡಕ ಮನೆಯಲ್ಲಿ ಬಿಟ್ಟೆ ಎನ್ನುತ್ತಿದ್ದರು. ದಾರಿಯಲ್ಲಿ ನಾನು ಕೈ ಎತ್ತಿದರೂ ಮಾತಾಡಿಸದೆ ಹೋಗಿದ್ದರು, ದೊಡ್ಡಸ್ತಿಕೆ ಅಂದುಕೊಂಡಿದ್ದೆ. ನನಗೆ ಸಿಟ್ಟು ಬಂತು. ಇವರ ಹಿಂದಿನ ಸೀಟಿನಲ್ಲಿ ವಾರವಾರವೂ ನೆಮ್ಮದಿಯಾಗಿ ಕೂತಿದ್ದೆನಲ್ಲ ಎಂದು ಹೆದರಿಕೆಯೂ ಆಯಿತು. ‘ನೇರವಾಗಿ ಕೇಳಿಬಿಡಿ ಅಮ್ಮ’ ಎಂದೆ.

‘ಕೇಳಿದ್ರೆ ಕಾಣ್ತದೆ ಅಂತಾರೆ. ಆಮೇಲೆ ನಾನೇನ್ ಹೇಳ್ಲಿ?’ ಎಂದರು. ಅಂಗಡಿಯ ಮೆಟ್ಟಿಲಿಳಿಯುತ್ತಾ, ‘ಯಾರ್ದಾದ್ರೂ ಮಕ್ಳು ಅಡ್ಡ ಬಂದ್ರೆ ಏನ್ಮಾಡದು?’ ಎಂದು ಹೋದರು.

ಗುರುವಾರ ಬಂತು. ನಾನು ಹೋಗಬಾರದೆಂದಿದ್ದೆ. ಪಾರ್ವತಮ್ಮ ಬಾಗಿಲಿಗೆ ಬಂದು ಕರೆದರು, ಹೋದೆ. ಬೆಳಿಗ್ಗೆ ಹತ್ತರ ಬಿಸಿಲು. ಊರು ದಾಟಿ ಮೂರನೇ ಮೈಲಿಯ ಇಳಿಜಾರು ಶುರುವಾಯಿತು. ಏಕಾಂತಯ್ಯ ಎರಡನೇ ಗೇರಿಗೆ ತಂದರು, ಹೊಸ ಬ್ರೇಕು ಬೆಣ್ಣೆಯ ಹಾಗೆ ಹಿಡಿಯುತ್ತಿತ್ತು. ಆಗ ಪಾರ್ವತಮ್ಮ ಅಂದರು:

‘ರೀ, ಲೈಟ್ ಮತ್ತೆ ಬಂತು ನೋಡ್ರೀ.’

ನಾನು ಮುಂದಕ್ಕೆ ಬಾಗಿದೆ. ಮೀಟರಿನ ಪಕ್ಕ ಏನೂ ಇರಲಿಲ್ಲ. ಎಲ್ಲ ಕಪ್ಪಗಿತ್ತು.

ಏಕಾಂತಯ್ಯ ತಲೆ ತಗ್ಗಿಸಿದರು. ಹೋದ ಸಲದಂತೆ ‘ಎಲ್ಲಿ’ ಎಂದು ಕೇಳಿ ಸಿಕ್ಕಿಬೀಳುವಷ್ಟು ದಡ್ಡರಲ್ಲ. ‘ಹೂಂ, ಬಂತು. ನೋಡ್ದೆ. ಕೆಂಪಗೆ ಉರೀತೈತೆ. ಆ ಶಿವು ನೆಟ್ಟಗೆ ಮಾಡಿಲ್ಲ’ ಎಂದರು.

ಒಂದು ತಿರುವು ಕಳೆಯಿತು. ಇನ್ನೊಂದೂ ಕಳೆಯಿತು.

‘ಲೈಟ್ ಬಂದಿಲ್ಲ ಕಣ್ರೀ’ ಎಂದರು ಪಾರ್ವತಮ್ಮ.

ಏಕಾಂತಯ್ಯ ಎಡಗಡೆಯ ಇಂಡಿಕೇಟರ್ ಹಾಕಿದರು. ಹಿಂದೆ ಮುಂದೆ ಒಂದು ಗಾಡಿಯೂ ಇರಲಿಲ್ಲ, ಆದರೂ ಹಾಕಿದರು. ಕಾರನ್ನು ತೋಟದ ಬೇಲಿಯ ಪಕ್ಕ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿದರು. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

‘ಹಸು ಐತೆ, ಬಸ್ ಬಂತು, ಹೆಂಗಸ್ರು ದಾಟ್ತಾವ್ರೆ ಅಂತ ನೀನು ಕೂಗ್ತಿದ್ದೆಯಲ್ಲ’ ಎಂದರು ಕಡೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ‘ಒಂದು ವರ್ಷದಿಂದ ಅದನ್ನೇ ಕೇಳ್ಕಂಡು ಓಡಿಸ್ತಿದೀನಿ ಪಾರ್ವತಿ. ನೀನು ಐತೆ ಅಂದ್ರೆ ಐತೆ, ಇಲ್ಲ ಅಂದ್ರೆ ಇಲ್ಲ. ನೀನೂ ಸುಳ್ಳು ಹೇಳ್ತೀಯ ಅಂತ ನಂಗೆ ಗೊತ್ತಿರ್ಲಿಲ್ಲ.’

ಪಾರ್ವತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಅದಿರಬೇಕು.

ಏಕಾಂತಯ್ಯ ಕೀ ತೆಗೆದು, ಹಿಂದಕ್ಕೆ ತಿರುಗದೆ, ಭುಜದ ಮೇಲಿಂದ ನನ್ನ ಕಡೆ ಚಾಚಿದರು. ಆಮೇಲೆ ಇಳಿದು, ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ ಸುತ್ತಿ ಬಂದು, ಎಡಗಡೆಯ ಬಾಗಿಲು ತೆರೆದರು.

‘ಹಿಂದೆ ಕೂತ್ಕ’ ಎಂದರು ಹೆಂಡತಿಗೆ. ‘ಇನ್ಮೇಲೆ ಇದು ನನ್ನ ಜಾಗ.’