ಒಂಬತ್ತನೇ ನಂಬರಿನ ಸ್ವೆಟರ್

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಬಟ್ಟೆ ಒಗೆದ ಬಂಗಲೆಯನ್ನ ಇನ್ನೂರು ವರ್ಷದ ಹಿಂದೆ ಯಾವನೋ ಜಮೀನ್ದಾರ ಕಟ್ಟಿಸಿದನಂತೆ. ಎಪ್ಪತ್ತು ಕಿಟಕಿ, ಮರದ ಕೆತ್ತನೆಯ ದೊಡ್ಡ ಮೆಟ್ಟಿಲು, ಸುತ್ತ ಹುಲ್ಲುಹಾಸು. ಈಗ ಅದು ಶ್ರೀಮಂತರ ವೃದ್ಧಾಶ್ರಮ. ಹಾಗಂತ ಬಾಯಿ ತಪ್ಪಿ ಅಂದರೂ ಮ್ಯಾನೇಜರಮ್ಮನ ಮುಖ ಸೊಟ್ಟಗಾಗುತ್ತೆ. ‘ನಿವಾಸ’ ಅನ್ನಬೇಕಂತೆ. ಅಲ್ಲಿರೋರು ರೋಗಿಗಳಲ್ಲ, ಅತಿಥಿಗಳಂತೆ. ಅತಿಥಿ ಅಂದರೆ ನಾಲ್ಕು ದಿನ ಇದ್ದು ಮನೆಗೆ ಹೋಗೋರಲ್ವಾ, ಇಲ್ಲಿಂದ ಯಾರು ಮನೆಗೆ ಹೋದರು ಅಂತ ನಾನು ಕೇಳಿದ್ದಕ್ಕೆ ನಿನ್ನ ಬಾಯಿ ಉದ್ದ ಆಯ್ತು ಅಂದರು. ನಾನು ಅಲ್ಲಿ ಊಟ ಬಡಿಸೋಳು. ಬಾಯಿ ಉದ್ದ ಇರೋದೂ ನಿಜವೇ.

ಚಿಕ್ಕಮ್ಮ ಮಾತ್ರ ನನ್ನ ಥರ ಅಲ್ಲ. ನಾಲ್ಕು ಮಾತಿಗೆ ಒಂದು ಮಾತು. ಅವಳ ಲಾಂಡ್ರಿ ಇದ್ದದ್ದು ಬಂಗಲೆಯ ಹಿಂದೆ, ಹಳೇ ಕುದುರೆ ಲಾಯದಲ್ಲಿ. ಕುದುರೆ ಕಟ್ಟೋ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಹಾಗೇ ಇವೆ, ಹಳೇ ಕಾಲದ್ದು ಅಂತ ಕೀಳೋಕೆ ಬಿಡಲ್ಲ. ಅದಕ್ಕೇ ಹಗ್ಗ ಕಟ್ಟಿ ಸಾಕ್ಸ್ ಒಣಗಿಸೋಳು. ಪ್ರತಿ ಬಟ್ಟೆಯ ಒಳಗೂ ರೂಮ್ ನಂಬರಿನ ಚಿಕ್ಕ ಪಟ್ಟಿ ಹೊಲಿಯಬೇಕು. ಯಾರಾದರೂ ತೀರಿಕೊಂಡರೆ ಅವರ ಬಟ್ಟೆಯನ್ನೆಲ್ಲ ಮರುದಿನದೊಳಗೆ ಕುದಿಯೋ ನೀರಲ್ಲಿ ಒಗೆದು, ನಂಬರು ಬಿಚ್ಚಿ, ಇಸ್ತ್ರಿ ಮಾಡಿ ಮನೆಯವರಿಗೆ ಕೊಡಬೇಕು. ಅದು ಅಲ್ಲಿನ ಕಟ್ಟುನಿಟ್ಟು.

ಮುಂದಿನ ಬಾಗಿಲಿಂದ ಲಾಂಡ್ರಿಯವರು ಬರೋ ಹಾಗಿಲ್ಲ. ಅಷ್ಟು ವರ್ಷದಲ್ಲಿ ಚಿಕ್ಕಮ್ಮ ಆ ಮೆಟ್ಟಿಲು ಹತ್ತಿರಲಿಲ್ಲ, ಅತಿಥಿಗಳ ಮುಖ ನೋಡಿದ್ದೂ ಅಷ್ಟಕ್ಕಷ್ಟೇ. ಆದರೆ ಬಟ್ಟೆಯಿಂದ ಎಲ್ಲರನ್ನೂ ಬಲ್ಲಳು. “ಹನ್ನೆರಡನೇ ನಂಬರಿನವರಿಗೆ ಬಲಗೈ ನಡುಗ್ತಿದೆ ಕಣೆ, ಬಲದ ತೋಳೆಲ್ಲ ಸೂಪು” ಅಂದಳು ಒಂದು ಸಲ. ದೊಡ್ಡ ನರ್ಸಿಗೆ ಅದು ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ನಾನು ಹೋಗಿ ಹೇಳು ಅಂದರೆ, “ಒಗೆಯೋಳ ಮಾತು ಯಾರು ಕೇಳ್ತಾರೆ, ಸುಮ್ನಿರು” ಅಂದುಬಿಟ್ಟಳು.

ಮಹಡಿ ಮೇಲಿನ ಒಂಬತ್ತನೇ ರೂಮಿನಲ್ಲಿ ಗಂಡ ಹೆಂಡತಿ ಇದ್ದರು. ಆತ ಹಲ್ಲಿನ ಡಾಕ್ಟರು, ಕೆಲಸ ಬಿಟ್ಟು ಇಪ್ಪತ್ತು ವರ್ಷ ಆಗಿದ್ದರೂ ಜೇಬಿನಲ್ಲಿ ಲವಂಗದ ಎಣ್ಣೆಯ ಪುಟ್ಟ ಶೀಷೆ ಇರಲೇಬೇಕು. ಊಟದ ಹೊತ್ತಲ್ಲಿ ಎದುರಿಗೆ ಕೂತವರ ಬಾಯಿ ಇಣುಕಿ ನೋಡೋರು, ಅದಕ್ಕೇ ಅವರ ಮೇಜಿಗೆ ಯಾರೂ ಬರ್ತಿರಲಿಲ್ಲ. ಹೆಂಡತಿಯನ್ನ ನಾವು ಅಮ್ಮಾವ್ರು ಅಂತಿದ್ವಿ. ಅವರಿಗೆ ಮರೆವು. ನನ್ನ ಹೆಸರು ದಿನಕ್ಕೆ ಮೂರು ಸಲ ಕೇಳೋರು, ಗಂಡನನ್ನ ಮಾತ್ರ ಒಂದು ದಿನವೂ ಮರೆಯಲಿಲ್ಲ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರು ಶೇವಿಂಗ್ ಮಾಡಿಕೊಳ್ತಾ ಕುಸಿದು ಬಿದ್ದರು, ಅಲ್ಲೇ ಹೋದರು. ಅಮ್ಮಾವ್ರಿಗೆ ಹೇಳಿದರು. ಅತ್ತರು. ಮಧ್ಯಾಹ್ನಕ್ಕೆ ಮರೆತು, ಎಲ್ಲಿ ಇವರು ಅಂದರು. ಮತ್ತೆ ಹೇಳಿದರು, ಮತ್ತೆ ಹೊಸದಾಗಿ ಎದೆ ಬಡಿದುಕೊಂಡು ಅತ್ತರು. ಮೂರು ದಿನ ಹೀಗೇ. ಆ ಅಳು ಕೇಳೋಕಾಗದೆ ನಾನು ತಟ್ಟೆ ಹಿಡಿದುಕೊಂಡು ಕಾರಿಡಾರಿನಲ್ಲೇ ನಿಂತುಬಿಡ್ತಿದ್ದೆ. ಕೊನೆಗೆ ದೊಡ್ಡ ನರ್ಸ್, “ಇನ್ಮೇಲೆ ಯಾರೂ ಹೇಳಬೇಡಿ. ಹೊರಗೆ ಹೋಗಿದ್ದಾರೆ ಅನ್ನಿ, ಸಾಕು” ಅಂದರು.

ಹೊರಗೆ ಹೋಗಿದ್ದಾರೆ ಅಂದ ಮೇಲೆ ಅಮ್ಮಾವ್ರು ಕಾಯೋಕೆ ಶುರು ಮಾಡಿದರು. ಇವರು ಬರಲಿ, ಜೊತೆಗೆ ತಿನ್ತೀನಿ ಅಂತ ತಟ್ಟೆ ಮುಟ್ಟಲಿಲ್ಲ. ಐದನೇ ದಿನಕ್ಕೆ ಕೈ ಕಡ್ಡಿಯಾಯಿತು. ನಾನು ಲಾಂಡ್ರಿಗೆ ಹೋಗಿ ಚಿಕ್ಕಮ್ಮನ ಹತ್ತಿರ ಗೋಳೋ ಅಂದೆ. ಅವಳು ಮೂಲೆಯ ಬುಟ್ಟಿಯಿಂದ ಒಂದು ಕಂದು ಸ್ವೆಟರ್ ತೆಗೆದಳು. ಉಳಿದದ್ದೆಲ್ಲ ಒಗೆದು ಡಾಕ್ಟರ ಅಣ್ಣನ ಮಗನಿಗೆ ಕೊಟ್ಟಾಗಿತ್ತು. ಉಣ್ಣೆಯನ್ನ ಕುದಿಯೋ ನೀರಿಗೆ ಹಾಕೋ ಹಾಗಿಲ್ಲ, ಅದನ್ನ ಬೇರೆಯಾಗಿ ಒಗೆಯೋದು ಹದಿನೈದು ದಿನಕ್ಕೊಮ್ಮೆ, ಹಾಗಾಗಿ ಇದೊಂದು ಉಳಿದಿತ್ತು. “ತಗೊಂಡು ಹೋಗಿ ಕುರ್ಚಿ ಮೇಲೆ ಹಾಕು” ಅಂದಳು.

ಹಾಕಿದೆ. ಅಮ್ಮಾವ್ರು ಅದನ್ನ ಎತ್ತಿ ಮುಖಕ್ಕೆ ಒತ್ತಿಕೊಂಡರು. “ಇಲ್ಲೇ ಎಲ್ಲೋ ಇದ್ದಾರೆ. ಸ್ವೆಟರ್ ಬಿಟ್ಟು ದೂರ ಹೋಗೋರಲ್ಲ” ಅಂದು ಚಮಚ ಹಿಡಿದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಸತ್ತವರ ಒಗೆಯದ ಬಟ್ಟೆ ಇಟ್ಟುಕೊಂಡರೆ ಕೆಲಸ ಹೋಗುತ್ತೆ. ಸೋಮವಾರ ಬೆಳಿಗ್ಗೆ ಮ್ಯಾನೇಜರಮ್ಮ ರೂಮು, ಲಾಂಡ್ರಿ ಎಲ್ಲ ತಪಾಸಣೆ ಮಾಡೋರು, ಬೀರು ಸಮೇತ. ಅದಕ್ಕೆ ಭಾನುವಾರ ಸಂಜೆ ನಾನು ಸ್ವೆಟರ್ ತಂದುಕೊಡೋದು, ಚಿಕ್ಕಮ್ಮ ಅದನ್ನ ತನ್ನ ಕೋಟಿನ ಒಳಗೆ ಹಾಕಿಕೊಂಡು ಮನೆಗೆ ಹೋಗೋದು, ಸೋಮವಾರ ಹಾಗೇ ಹಾಕಿಕೊಂಡು ಬಂದು ಮಧ್ಯಾಹ್ನ ನನ್ನ ಕೈಗೆ ಕೊಡೋದು. ವಾಸನೆ ಕಮ್ಮಿ ಆಗ್ತಿದೆ ಅನ್ನಿಸಿದಾಗ ಕಾಲರಿಗೆ ಎರಡು ತೊಟ್ಟು ಲವಂಗದ ಎಣ್ಣೆ ಮುಟ್ಟಿಸೋಳು. ಹತ್ತು ವಾರ ನಡೆಸಿದೆವು. ನಮ್ಮಂಥ ಜಾಣರಿಲ್ಲ ಅಂದುಕೊಂಡಿದ್ದೆವು.

ಹನ್ನೊಂದನೇ ಸೋಮವಾರ ಅಮ್ಮಾವ್ರು ಸ್ವೆಟರ್ ಮೂಸಿದರು. ಮತ್ತೆ ಮೂಸಿದರು, ಕಂಕುಳ ಹತ್ತಿರ, ತೋಳಿನ ಹತ್ತಿರ. “ಇದರಲ್ಲಿ ಒಬ್ಬಳು ಹೆಂಗಸಿದ್ದಾಳೆ” ಅಂದರು. ಹತ್ತು ವಾರ ಚಿಕ್ಕಮ್ಮನ ಮೈಗೆ ಅಂಟಿಕೊಂಡು ಓಡಾಡಿದ ಉಣ್ಣೆ ಅದು. ಅವಳ ತಲೆಎಣ್ಣೆ, ಅವಳ ಬೆವರು, ಗಂಜಿ ಹಾಕಿದ ಬಟ್ಟೆಯ ಹಬೆ, ಎಲ್ಲ ಅದರಲ್ಲಿ ಇಳಿದಿತ್ತು. ನಮಗೆ ಲವಂಗದ ಮೇಲೆ ಗಮನ ಇತ್ತೇ ಹೊರತು ಇದು ಹೊಳೆದೇ ಇರಲಿಲ್ಲ.

“ಅವಳ ಹತ್ತಿರ ಹೋಗಿದ್ದಾರಾ?” ಅಂದರು ಅಮ್ಮಾವ್ರು. ತಟ್ಟೆ ದೂರ ತಳ್ಳಿದರು. ಗಂಡ ಸತ್ತ ಸುದ್ದಿ ಒಂದು ಹೊತ್ತು ನಿಲ್ಲದ ತಲೆಯಲ್ಲಿ ಇದೊಂದು ಗಟ್ಟಿಯಾಗಿ ಕೂತುಬಿಟ್ಟಿತು. ಮರುದಿನ ಅದೇ, ಅದರ ಮರುದಿನವೂ ಅದೇ. ಊಟ ಇಲ್ಲ, ನೀರೂ ಹನಿ ಹನಿ. “ಅವಳನ್ನ ಕರ್ಕೊಂಡು ಬಾ, ನಾನೊಂದು ಸಲ ನೋಡಬೇಕು” ಅಂತ ಒಂದೇ ಹಟ.

ಚಿಕ್ಕಮ್ಮನಿಗೆ ಹೇಳಿದೆ. ಮೊದಲು ನಕ್ಕಳು. ಈ ವಯಸ್ಸಿಗೆ ನನಗೆ ಈ ಯೋಗ ಬೇರೆ ಬಂತಾ ಅಂದಳು. ಆಮೇಲೆ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕೂತಳು. ನಮ್ಮ ಚಿಕ್ಕಪ್ಪನೂ ಹೀಗೇ ಇನ್ನೊಬ್ಬಳ ಹಿಂದೆ ಹೋದವನು, ಮದುವೆಯಾಗಿ ಆರನೇ ವರ್ಷಕ್ಕೆ. ಆ ವಿಷಯ ನಾವು ಯಾರೂ ಬಾಯಿಬಿಟ್ಟು ಆಡಿದವರಲ್ಲ. “ಇಷ್ಟು ವಯಸ್ಸಾದವರಿಗೆ ಆ ಸಂಕಟ ಬೇಡ ಕಣೆ. ನಾನೇ ಹೋಗ್ತೀನಿ. ನಾನು ಬಟ್ಟೆ ಒಗೆಯೋಳು, ಸ್ವೆಟರ್ ನನ್ನ ಹತ್ತಿರ ಇತ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ” ಅಂದಳು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತೆ ಅಂದೆ. ಹೋಗಲಿ ಅಂದಳು.

ಮ್ಯಾನೇಜರಮ್ಮ ಊಟಕ್ಕೆ ಕೂತ ಹೊತ್ತು ನೋಡಿ ಮುಂದಿನ ಮೆಟ್ಟಿಲಲ್ಲೇ ಕರೆದುಕೊಂಡು ಹೋದೆ. ಚಿಕ್ಕಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದಳು. ಅಮ್ಮಾವ್ರು ದಿಂಬಿಗೆ ಒರಗಿ ಕೂತಿದ್ದರು. ಹತ್ತಿರ ಬಾ ಅಂತ ಕರೆದು, ಚಿಕ್ಕಮ್ಮನ ಕೈ ಹಿಡಿದು ಮೂಸಿದರು.

“ನೀನೇನಾ?”

ಚಿಕ್ಕಮ್ಮ ಬಾಯಿ ತೆರೆಯೋ ಮೊದಲೇ ಕೇಳಿದರು, “ಊಟ ಮಾಡ್ತಾರಾ?”

ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಆಗ ಹೊಳೆಯಿತು. ಚಿಕ್ಕಮ್ಮ ‘ನಾನು ಅವಳಲ್ಲ’ ಅಂದರೆ, ಹಾಗಾದರೆ ಅವರೆಲ್ಲಿ ಅಂತ ಅಮ್ಮಾವ್ರು ಕೇಳ್ತಾರೆ. ಅದಕ್ಕೆ ಇರೋದು ಒಂದೇ ಉತ್ತರ. ಚಿಕ್ಕಮ್ಮನಿಗೂ ಹೊಳೆದಿರಬೇಕು.

“ಮಾಡ್ತಾರಮ್ಮ” ಅಂದಳು.

“ಕೆಮ್ಮು?”

“ಕಡಿಮೆ ಆಗಿದೆ.”

“ಎಡಗಾಲು ತಣ್ಣಗಾಗುತ್ತೆ ಅವರಿಗೆ. ಎರಡು ಸಾಕ್ಸ್ ಹಾಕು.” ಅಮ್ಮಾವ್ರು ಸ್ವೆಟರ್ ಎತ್ತಿ ಚಿಕ್ಕಮ್ಮನ ಮಡಿಲಿಗೆ ಹಾಕಿದರು. “ಇದನ್ನೂ ತಗೊಂಡು ಹೋಗು. ಚಳಿ ಇದೆ.” ಆಮೇಲೆ ಧ್ವನಿ ತಗ್ಗಿಸಿ, “ನನ್ನನ್ನ ಕೇಳ್ತಾರಾ?” ಅಂದರು.

“ದಿನಾ ಕೇಳ್ತಾರೆ.”

“ಹಾಗಾದ್ರೆ ಯಾಕೆ ಬರಲ್ಲ?”

ಚಿಕ್ಕಮ್ಮ ಅವರ ಮುಖ ನೋಡಿದಳು. “ಬರ್ತೀನಿ ಅಂತಾರಮ್ಮ. ನಾನೇ ಬಿಡಲ್ಲ.”

ಅಮ್ಮಾವ್ರ ಮುಖಕ್ಕೆ ರಕ್ತ ಬಂತು. ಥೂ ಅಂತ ಉಗಿದರು. ನಿನ್ನ ಮನೆ ಹಾಳಾಗ, ನೀನು ಉದ್ಧಾರ ಆಗಲ್ಲ ಅಂತ ಬಾಯಿಗೆ ಬಂದದ್ದೆಲ್ಲ ಅಂದರು. ಚಿಕ್ಕಮ್ಮ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡು ಎದ್ದಳು. ಚಿಕ್ಕಪ್ಪ ಹೋದಾಗ ಅಂಥ ಒಂದು ಸುಳ್ಳನ್ನ ಅವಳಿಗೆ ಯಾರಾದರೂ ಬಂದು ಹೇಳಿದ್ದರೆ ಅವಳ ಬಾಳು ಎಷ್ಟೋ ಹಗುರ ಆಗ್ತಿತ್ತು. ಯಾರೂ ಹೇಳಲಿಲ್ಲ. ಅವಳು ಕೆಳಗೆ ಇಳಿದು ಹೋದ ಮೇಲೆ ಅಮ್ಮಾವ್ರು ನನ್ನ ಕಡೆ ತಿರುಗಿ, “ಏನು ನೋಡ್ತೀಯ, ತಟ್ಟೆ ಕೊಡು. ಗಟ್ಟಿಯಾಗಬೇಕು ನಾನು, ಹೋಗಿ ಬಿಡಿಸಿಕೊಂಡು ಬರಬೇಕು” ಅಂದರು. ತಟ್ಟೆ ಖಾಲಿ ಮಾಡಿದರು.

ಆಮೇಲೆ ನಾಲ್ಕು ತಿಂಗಳು ದಿನಾ ಉಂಡರು. ಪ್ರತಿ ತುತ್ತಿಗೂ ಆ ಹೆಂಗಸಿಗೆ ಒಂದು ಶಾಪ. ಕೇಳಿ ಕೇಳಿ, ನನ್ನ ಚಿಕ್ಕಮ್ಮ ಅಂಥವಳಲ್ಲ ಅಂತ ಕೂಗಬೇಕು ಅನ್ನಿಸೋದು. ಬಾಯಿ ಉದ್ದ ಇದ್ದೂ ಕಚ್ಚಿಕೊಂಡು ಬಡಿಸಿದೆ. ಸಂಜೆ ಲಾಂಡ್ರಿಗೆ ಹೋದರೆ ಚಿಕ್ಕಮ್ಮ ಮಡಚೋದು ನಿಲ್ಲಿಸದೆ ಎರಡೇ ಮಾತು ಕೇಳೋಳು.

“ಊಟ ಮಾಡಿದ್ರಾ?”

“ಮಾಡಿದ್ರು.”

“ಬೈದ್ರಾ?”

“ಬಾಯಿ ತುಂಬ ಬೈದ್ರು.”

“ಸದ್ಯ” ಅನ್ನೋಳು.

ಮಳೆ ಶುರುವಾದ ಮೇಲೆ ಒಂದು ಸಂಜೆ ನಾನು ಹೋದಾಗ ಕೇಳಿದಳು, ಊಟ ಮಾಡಿದ್ರಾ ಅಂತ. ಎರಡು ಚಮಚ ಅಂದೆ. ಬೈದ್ರಾ ಅಂದಳು.

“ಇಲ್ಲ ಚಿಕ್ಕಮ್ಮ. ಇವತ್ತು ಬೈಲಿಲ್ಲ.”

ಚಿಕ್ಕಮ್ಮ ಕೈಯಲ್ಲಿದ್ದ ದಿಂಬಿನ ಕವರನ್ನ ಅರ್ಧಕ್ಕೆ ಬಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಚಿಕ್ಕಪ್ಪ ಹೋದಾಗಲೂ ಅವಳು ಹಾಗೆ ಅತ್ತದ್ದು ನಾನು ಕಂಡಿರಲಿಲ್ಲ.