ತಗಡಿನ ಮೇಲೆ ಅಂಟಿದ ಹತ್ತಿ

ಥಿನ್ನರ್ ಬಾಟಲಿ ಉರುಳಿಸಿದ್ದು ನಾನು. ಅಕ್ಕ ಅಲ್ಲ. ಇಷ್ಟು ಹೇಳಲು ನನಗೆ ನಾಲ್ಕು ವರ್ಷ ಹಿಡಿಯಿತು.

ಅಕ್ಕ ಶರಣಮ್ಮ ಒಂದು ಶಾಲೆಯಲ್ಲಿ ಟೀಚರ್, ನಾನು ಆಂಧ್ರದ ಗಡಿಯೂರು ಆದವಾನಿಯಲ್ಲಿ ಹತ್ತಿ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಇಬ್ಬರಿಗೂ ಒಂದೇ ಹುಚ್ಚು, ಪುಟ್ಟ ಮಾದರಿ ಕಟ್ಟುವುದು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸುವುದು ನನ್ನ ಪಾಲು, ಬಣ್ಣ ಅಕ್ಕನದು. ಆಕೆ ಕುಂಚ ಆಡಿಸಿದರೆ ಬೆರಳುದ್ದದ ಬಾಗಿಲೂ ತುಕ್ಕು ಹಿಡಿದಂತೆ ಕಾಣುತ್ತಿತ್ತು.

ಆ ಸಲ ನಮ್ಮ ಮಿಲ್ಲನ್ನೇ ಕಟ್ಟಿದ್ದೆವು. ಭಾನುವಾರ ಮಧ್ಯಾಹ್ನ ಅಕ್ಕ ತಗಡಿನ ಚಾವಣಿಗೆ ಕೊನೆಯ ಬಣ್ಣ ಬಳಿದು ಊಟ ಬಡಿಸಲು ಎದ್ದುಹೋದಳು. ನಾನು ಕತ್ತರಿಗೆ ಕೈಚಾಚಿದೆ — ಮೊಣಕೈ ತಾಗಿ, ಬಣ್ಣ ತೆಳುವಾಗಿಸುವ ಥಿನ್ನರ್ ಬಾಟಲಿ ಚಾವಣಿಯ ಮೇಲೆಯೇ ಮಗುಚಿತು. ಮೆತ್ತಗಿನ ಬಟ್ಟೆ ಇಟ್ಟು ಹೀರಿಸಿ, ಮುಟ್ಟದೆ ಒಣಗಲು ಬಿಡಬೇಕಿತ್ತು. ಆದರೆ ಮಿಲ್ಲಿನವರ ಬುದ್ಧಿ ನೋಡಿ, ಏನು ಚೆಲ್ಲಿದರೂ ಮೊದಲು ಹತ್ತಿ. ಒಂದು ಹಿಡಿ ತೆಗೆದು ಉಜ್ಜಿಯೇಬಿಟ್ಟೆ. ಕರಗಿದ ಬಣ್ಣಕ್ಕೆ ಎಳೆಎಳೆಯಾಗಿ ಹತ್ತಿ ಮೆತ್ತಿಕೊಂಡಿತು.

ಅಕ್ಕ ಓಡಿಬಂದಳು. ನಾನು — ಎಂಥ ಹೇಡಿ ನಾನು —

"ನೀ ಏಳೂವಾಗ ನಿನ್ನ ಕೈ ತಗಲಿತ್ತಕ್ಕ" ಎಂದೆ.

ಅಕ್ಕ ತನ್ನ ಬೆರಳುಗಳನ್ನೇ ನೋಡುತ್ತ ನಿಂತಳು. ಅವ್ವನ ಕೈ ನಡುಗಲು ಶುರುವಾಗಿದ್ದೂ ಅಕ್ಕನ ಈ ವಯಸ್ಸಿನಲ್ಲೇ. ಅಂದಿನಿಂದ ಆಕೆ ಕುಂಚ ಮುಟ್ಟಲಿಲ್ಲ.

ಮಾದರಿಗಳ ಪ್ರದರ್ಶನದಲ್ಲಿ ಜನ ಆ ಚಾವಣಿಯನ್ನೇ ಹೊಗಳಿದರು, ಸುಗ್ಗಿಯಲ್ಲಿ ಮಿಲ್ಲು ಹೀಗೇ ಹತ್ತಿ ಮೆತ್ತಿಕೊಂಡಿರುತ್ತದೆ ಎಂದು. ಅಕ್ಕ ಬರಲಿಲ್ಲ. ಹೊಗಳಿಕೆಯನ್ನೆಲ್ಲ ನಾನೊಬ್ಬನೇ ನುಂಗಿದೆ.

ಮೊನ್ನೆ ನಮ್ಮೂರ ಸ್ಟೇಷನ್ನಿನ ಮಾದರಿ ಮುಗಿಯಿತು. ಹಳದಿ ಹಲಗೆಯ ಮೇಲೆ ಹೆಸರು ಬರೆಯುವವರಿಲ್ಲ. ಕಡ್ಡಿಯಷ್ಟು ಹಲಗೆ. ಅದನ್ನು ಅಕ್ಕನ ಮುಂದಿಟ್ಟು, ತಲೆ ತಗ್ಗಿಸಿ, ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ.

ಅಕ್ಕ ಎರಡೂ ಕೈ ಕಿಟಕಿಯ ಬೆಳಕಿಗೆ ಚಾಚಿ ಬಹಳ ಹೊತ್ತು ನೋಡಿದಳು.

"ಹಂಗಾದ್ರ ನನ್ನ ಕೈ ನೆಟ್ಟಗೈತಿ" ಎಂದಳು.

ಉಸಿರು ಬಿಗಿಹಿಡಿದು, ಒಂದೆಳೆ ಕುಂಚದಲ್ಲಿ, ಆದವಾನಿ ಎಂದು ಬರೆದಳು. ಒಂದು ಗೆರೆಯೂ ಅಲುಗಲಿಲ್ಲ. ನನಗೆ ಕುಣಿಯಬೇಕೆನಿಸಿತು, ಅಳುವೂ ಬಂತು. ಕ್ಷಮೆ ಅವಳು ಕೊಡಲಿಲ್ಲ, ನಾನು ಕೇಳಲೂ ಇಲ್ಲ — ನಾಲ್ಕು ವರ್ಷ ತಿರುಗಿ ಬರುವುದಿಲ್ಲ.

"ಥಿನ್ನರ್ ಮುಚ್ಚಿ ನಿನ್ನ ಕೈಯಾಗ ಹಿಡಕೊಂಡು ಕುಂದ್ರು" ಎಂದಳು, ತಲೆ ಎತ್ತದೆ. "ಇನ್ನೂ ತೆಲುಗಿನಾಗ ಬರೀಬೇಕು."

ಹಿಡಿದು ಕುಳಿತೆ.